ಗೊತ್ತಿಲ್ಲದ್ದರ ಗುಡ್ಡೆ

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಈ ಒಂದು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಒಲೆಯ ಮೇಲಿನ ಹಾಲು ನೋಡಿಕೊಂಡು ಬಂದಿದ್ದೇನೆ. ಹಾಲು ಉಕ್ಕುವುದಕ್ಕೆ ಇನ್ನೂ ಹೊತ್ತಿದೆ, ಅದು ನನಗೂ ಗೊತ್ತು. ಆದರೂ ಮೇಲಿನ ತಟ್ಟೆ ಸರಿಸಿ ಒಮ್ಮೆ ನೋಡದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ಕುಕ್ಕರಿನ ಮುಚ್ಚಳವನ್ನು ಹಾಗೆ ಸರಿಸಲು ಬಾರದಂತೆ ಮಾಡಿದವನು ನನ್ನಂಥವನನ್ನು ಎದುರಿಗೆ ಕೂರಿಸಿಕೊಂಡೇ ಅದನ್ನು ಮಾಡಿರಬೇಕು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಒಮ್ಮೆ ಕೆ.ಆರ್. ನಗರದಲ್ಲಿ ರೈಲ್ವೆ ಗೇಟು ಹಾಕಿತ್ತು. ಬಸ್ಸು ನಿಂತಿತು. ರೈಲಿನ ಸದ್ದಿಲ್ಲ, ಸುಳಿವಿಲ್ಲ. ಎಲ್ಲರೂ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಇಳಿದೆ. ಗೇಟಿನವರೆಗೆ ನಡೆದೆ. ಗೇಟು ದಾಟಿ ಆಚೆಗೂ ನಡೆದೆ. ಅಷ್ಟರಲ್ಲಿ ರೈಲು ಬಂದು ಹೋಯಿತು, ಗೇಟು ಎದ್ದಿತು, ನನ್ನ ಬಸ್ಸು ನನ್ನ ಕಣ್ಣೆದುರಿಗೇ ಭರ್ರೆಂದು ಹೋಯಿತು. ಸೀಟಿನ ಮೇಲೆ ನನ್ನ ಚೀಲ, ಚೀಲದಲ್ಲಿ ಫ್ಲಾಪಿ, ಫ್ಲಾಪಿಯಲ್ಲಿ ಮೂರು ತಿಂಗಳ ಕೆಲಸ. ಆಟೋ ಹತ್ತಿ ಹುಣಸೂರಿನ ಸ್ಟ್ಯಾಂಡಿಗೆ ಹೋದಾಗ ಚೀಲ ಅದೇ ಸೀಟಿನ ಮೇಲೆ ಹಾಯಾಗಿ ಕೂತಿತ್ತು. ನನ್ನ ಚೀಲಕ್ಕೆ ನನಗಿಂತ ತಾಳ್ಮೆ ಜಾಸ್ತಿ.

ಆ ಫ್ಲಾಪಿಯಲ್ಲಿದ್ದದ್ದು ಒಂದು ಕಂಪೈಲರ್. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ನಾನು ಹುಣಸೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ಜೊತೆಗೆ ಮೈಸೂರಿನಲ್ಲಿ ಪಾರ್ಟ್‌ಟೈಮ್ ಎಂ.ಟೆಕ್. ಅದರ ಪ್ರಾಜೆಕ್ಟಿಗೆಂದು ಒಂದು ಪುಟ್ಟ ಭಾಷೆ ಕಟ್ಟಿ, ಅದಕ್ಕೊಂದು ಕಂಪೈಲರ್ ಬರೆಯುತ್ತೇನೆಂದು ಒಪ್ಪಿಕೊಂಡಿದ್ದೆ. ಎರಡು ಸಲ ಗಡುವು ದಾಟಿತ್ತು. ಬರುವ ಜನವರಿಯೇ ಕೊನೆ, ಆಮೇಲೆ ಹೆಸರು ಹೊಡೆದುಹಾಕುತ್ತೇವೆಂದು ಕಾಗದ ಬಂದಿತ್ತು. ಹೆಸರು ಹೋದರೆ ಹೋಗಲಿ ಅನ್ನುವ ಹಾಗೂ ಇರಲಿಲ್ಲ. ಅದಕ್ಕೆ ಮೊದಲು ನಾನು ಅರ್ಧಕ್ಕೆ ಕೈಬಿಟ್ಟಿದ್ದವು ಹಾರ್ಮೋನಿಯಂ, ಜೇನು ಸಾಕಣೆ, ಮಲಯಾಳ ಕಲಿಕೆ. ಹಾರ್ಮೋನಿಯಂ ಅಟ್ಟದ ಮೇಲಿತ್ತು, ಜೇನುಪೆಟ್ಟಿಗೆಯಲ್ಲಿ ಹೆಂಡತಿ ಈರುಳ್ಳಿ ಹಾಕಿದ್ದಳು. ಇದೂ ಅಟ್ಟ ಹತ್ತಿದರೆ ನಾನು ಯಾವುದನ್ನೂ ಮುಗಿಸುವ ಪೈಕಿ ಅಲ್ಲ ಎಂಬುದು ನನಗೇ ಖಾತ್ರಿಯಾಗಿಬಿಡುತ್ತದೆ ಎಂಬ ಭಯ. ಬೇರೆಯವರು ಅನ್ನುವುದನ್ನು ತಡೆದುಕೊಳ್ಳಬಹುದು, ನಮಗೆ ನಾವೇ ಅಂದುಕೊಳ್ಳುವುದನ್ನು ತಡೆಯುವುದು ಕಷ್ಟ.

ಕಂಪೈಲರ್ ಎಂದರೆ ದುಭಾಷಿ. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಇಳಿಸಿ ಹೇಳುವ ಕೆಲಸ ಅದರದು. ನಮ್ಮ ಸೀಮೆಗೆ ದುಭಾಷಿಗಳು ಹೊಸಬರಲ್ಲ. ಸರಗೂರಿನ ಸಂತೆಯಲ್ಲಿ ಶುಂಠಿ ಕೊಳ್ಳಲು ಬಂದ ಕೇರಳದವನು ಮಲಯಾಳದಲ್ಲಿ ರೇಗಿದರೆ, ನಡುವೆ ನಿಂತವನು ಅದನ್ನು ಕನ್ನಡದಲ್ಲಿ 'ಶುಂಠಿ ಚೆನ್ನಾಗದೆ ಅಂತಾವ್ರೆ' ಎಂದು ಹೇಳಿ ವ್ಯಾಪಾರ ಕುದುರಿಸುತ್ತಾನೆ. ಕಂಪೈಲರಿಗೆ ಅಂಥ ದಾಕ್ಷಿಣ್ಯವಿಲ್ಲ. ಒಂದು ಚುಕ್ಕೆ ತಪ್ಪಿದರೂ ಮುಖಕ್ಕೆ ಹೊಡೆದಂತೆ ಹೇಳಿ ಕೂತುಬಿಡುತ್ತದೆ.

ನನ್ನ ಭಾಷೆಯಲ್ಲಿ ಇದ್ದದ್ದೆಲ್ಲ ಫಂಕ್ಷನ್‌ಗಳೇ. ಫಂಕ್ಷನ್ ಎಂದರೆ ಹಿಟ್ಟಿನ ಗಿರಣಿ ಎಂದುಕೊಳ್ಳಿ. ಮೇಲೆ ಒಂದನ್ನು ಸುರಿದರೆ ಕೆಳಗೆ ಇನ್ನೊಂದು ಬರುತ್ತದೆ. ಇವತ್ತು ರಾಗಿ ಸುರಿದರೂ ನಾಳೆ ರಾಗಿ ಸುರಿದರೂ ಬರುವುದು ರಾಗಿ ಹಿಟ್ಟೇ. ಇನ್ನೊಂದು ಕಟ್ಟಳೆ, ಪ್ರತಿಯೊಂದು ವಸ್ತುವಿಗೂ ಒಂದು ಟೈಪು ಇರಬೇಕು. ಸಂಖ್ಯೆ ಒಂದು ಟೈಪು, ಹೆಸರು ಒಂದು ಟೈಪು, ಪಟ್ಟಿ ಇನ್ನೊಂದು. ಸಂಖ್ಯೆಗೆ ಹೆಸರನ್ನು ಕೂಡಿಸಲು ಹೋದರೆ ಕಂಪೈಲರ್ ಬಾಗಿಲಲ್ಲೇ ತಡೆಯಬೇಕು. ಮಜಾ ಏನೆಂದರೆ ಯಾವುದು ಯಾವ ಟೈಪು ಎಂದು ಬರೆಯುವವನು ಹೇಳುವುದಿಲ್ಲ. ಕಂಪೈಲರೇ ಓದಿ ಓದಿ ತಿಳಿದುಕೊಳ್ಳಬೇಕು. ನಾನು ಸಿಕ್ಕಿಬಿದ್ದದ್ದು ಇಲ್ಲೇ.

ಆಗಸ್ಟ್ ಹೊತ್ತಿಗೆ ಒಂದು ಮಟ್ಟಕ್ಕೆ ನಿಂತಿತ್ತೆನ್ನಿ. ಫ್ಲಾಪಿ ಹಿಡಿದು ಮೈಸೂರಿಗೆ ಹೋದೆ. ನಮ್ಮ ಗೈಡ್ ಮೇಷ್ಟ್ರು ನಿಧಾನದ ಮನುಷ್ಯ, ಕನ್ನಡಕ ಒರೆಸುವುದಕ್ಕೇ ಐದು ನಿಮಿಷ. ಅವರು ಒಂದು ಪಟ್ಟಿಯನ್ನು ಹಿಂದುಮುಂದು ಮಾಡುವ ಮೂರು ಸಾಲಿನ ಫಂಕ್ಷನ್ ಬರೆದರು. ಅಂಕಿಗಳ ಪಟ್ಟಿ ಕೊಟ್ಟರು, ಚೆನ್ನಾಗಿ ತಿರುಗಿತು. ಹೆಸರುಗಳ ಪಟ್ಟಿ ಕೊಟ್ಟರು. 'ಇಲ್ಲಿ ಸಂಖ್ಯೆ ಇರಬೇಕಿತ್ತು' ಎಂದು ನನ್ನ ಕಂಪೈಲರ್ ಮುಷ್ಕರ ಹೂಡಿತು.

'ಪಟ್ಟಿ ತಿರುಗಿಸೋದಕ್ಕೆ ಅದರೊಳಗೆ ಏನಿದೆ ಅಂತ ಯಾಕ್ರೀ ಬೇಕು?' ಎಂದರು ಮೇಷ್ಟ್ರು.

ಯಾಕೆ ಬೇಕಿತ್ತೋ ನನಗೂ ತಿಳಿಯಲಿಲ್ಲ. ಮನೆಗೆ ಬಂದು ನೋಡಿದರೆ ನಾನೇ ಬರೆದಿದ್ದೆ: ಟೈಪು ಗೊತ್ತಾಗದ ವಸ್ತು ಎದುರಾದರೆ ಅದನ್ನು ಸಂಖ್ಯೆ ಎಂದು ಹಿಡಿ, ಮುಂದಕ್ಕೆ ನಡೆ. ಬರೆಯುವಾಗ ಅದು ಬಲು ಜಾಣತನವೆಂದು ಕಂಡಿತ್ತು. ಸರಿಪಡಿಸಲು ಹೋದೆ. ಸಂಖ್ಯೆಯ ಬದಲು ಹೆಸರು ಎಂದು ಹಿಡಿದರೆ ಅಂಕಿಗಳು ಕೆಟ್ಟವು. ಎರಡನ್ನೂ ಒಂದೊಂದಾಗಿ ಹಿಡಿದು ನೋಡು ಎಂದರೆ ಯಂತ್ರ ತಿರುಗುತ್ತಲೇ ಉಳಿಯಿತು. ಆ ಹೊತ್ತಿಗೆ ಸರಿಯಾಗಿ ಹುಣಸೂರಿನಲ್ಲಿ ಕರೆಂಟು ಹೋಗುವುದು, ಲ್ಯಾಬಿನ ಯುಪಿಎಸ್ ಕುಂಯ್ ಎಂದು ಅಳುವುದು. ನನಗೂ ಹಾಗೆ ಅಳಬೇಕು ಅನ್ನಿಸುತ್ತಿತ್ತು.

ಕಾಲೇಜಿಗೆ ನಾಲ್ಕು ದಿನ ರಜೆ ಬಂತು. ತಲೆ ತಂಪಾಗಲಿ ಎಂದು ರಾವಂದೂರಿನ ಹತ್ತಿರದ ಅಕ್ಕನ ಮನೆಗೆ ಹೋದೆ. ನಮ್ಮದು ಹೊಲವಿಲ್ಲದ ಮನೆ. ಅಕ್ಕ ಮದುವೆಯಾಗಿ ಹೋದಮೇಲೆ ಹೊಗೆಸೊಪ್ಪಿನ ಬೇಸಾಯ ಕಲಿತವಳು. ಈಗ ಸುತ್ತಿನ ನಾಲ್ಕು ಊರಿನವರು ಬ್ಯಾರನ್ ವಿಷಯಕ್ಕೆ ಅವಳನ್ನು ಕೇಳುತ್ತಾರೆ. ಬ್ಯಾರನ್ ಎಂದರೆ ಹಸಿ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿ, ಹೊರಗಿನಿಂದ ಸೌದೆ ಉರಿ ಕೊಟ್ಟು ಹದ ಮಾಡುವ ಎತ್ತರದ ಮನೆ. ಮೊದಲ ಒಂದೆರಡು ದಿನ ಸಣ್ಣ ಉರಿ. ಒಳಗೆ ಸೆಕೆ, ತೇವ. ಎಲೆ ತನ್ನ ಪಾಡಿಗೆ ತಾನು ಹಳದಿಗೆ ತಿರುಗಬೇಕು. ಗೋಡೆಯಲ್ಲಿ ಒಂದು ಸಣ್ಣ ಗಾಜಿನ ಕಿಟಕಿ, ಅದರಾಚೆ ನೇತುಹಾಕಿದ ಥರ್ಮಾಮೀಟರು.

ನಾನು ಹೋದ ಮಾರನೆಯ ದಿನವೇ ಸರಗೂರಿನಲ್ಲಿ ಭಾವನ ಕಡೆಯವರದೊಂದು ಸಾವಾಯಿತು. ಗಂಡ ಹೆಂಡತಿ ಇಬ್ಬರೂ ಹೊರಡಬೇಕು. ಅಕ್ಕ ನನ್ನನ್ನು ಕಿಟಕಿಯ ಮುಂದೆ ನಿಲ್ಲಿಸಿದಳು.

'ಪಾದರಸ ಈ ಗೀಟ್ ದಾಟ್ಬಾರ್ದು. ಇಳುದ್ರೆ ಒಂದ್ ಕೊರಡು ಹಾಕು. ನೋಡ್ಬೇಕು ಅನ್ಸುದ್ರೆ ಕಿಟ್ಕೀಲ್ ನೋಡು. ಬಾಗ್ಲು ಮಾತ್ರ ಮುಟ್ಬೇಡ ಕಣ್ಲಾ, ನಿನ್ ದಮ್ಮಯ್ಯ.'

ನಾನು ಹೂಂ ಎಂದೆ. ಮನಸಾರೆ ಹೂಂ ಎಂದೆ. ಹತ್ತು ಗಂಟೆಯವರೆಗೆ ಬಂಡೆಯಂತೆ ಕೂತಿದ್ದೆ. ಹತ್ತೂಕಾಲಕ್ಕೆ ಯೋಚನೆ ಬಂತು. ಕಿಟಕಿಯಿಂದ ಕಾಣುವುದು ಮುಂದಿನ ಸಾಲು ಮಾತ್ರ. ಹಿಂದಿನದು ಹಳದಿಯಾಗಿದೆಯೋ ಇಲ್ಲವೋ ಯಾರಿಗೆ ಗೊತ್ತು? ಒಂದೇ ಒಂದು ಸಲ, ಕಣ್ಣು ಮಿಟುಕಿಸುವಷ್ಟು ಹೊತ್ತು, ಬಾಗಿಲು ತೆರೆದು ಮುಚ್ಚಿದೆ. ಬಿಸಿ ಆವಿ ಮುಖಕ್ಕೆ ರಪ್ಪೆಂದು ಬಡಿಯಿತು. ಕತ್ತಲಲ್ಲಿ ಏನೂ ಕಾಣಲಿಲ್ಲ. ಏನೂ ಕಾಣದ್ದರಿಂದ ಮತ್ತೊಮ್ಮೆ ತೆಗೆಯಬೇಕಾಯಿತು. ಪಾದರಸ ಇಳಿಯಿತೆಂದು ಕೊರಡು ಹಾಕಿದೆ. ಏರಿತೆಂದು ಬಾಗಿಲು ತೆಗೆದೆ. ಸಂಜೆ ಅವರು ಬರುವ ಹೊತ್ತಿಗೆ ಎಷ್ಟು ಸಲ ತೆಗೆದಿದ್ದೆನೋ ಲೆಕ್ಕ ತಪ್ಪಿತ್ತು.

ಅಕ್ಕ ಬಂದವಳೇ ಕಿಟಕಿಗೆ ಕಣ್ಣಿಟ್ಟಳು. ಕಣ್ಣು ತೆಗೆಯದೆ ಕೇಳಿದಳು, 'ಬಾಗ್ಲು ತಗ್ದಾ?'

ತೇವವೆಲ್ಲ ಹೊರಗೆ ಹೋಗಿ, ಹಳದಿಯಾಗುವ ಮೊದಲೇ ಎಲೆ ಒಣಗಿತ್ತು. ಹಾಗೆ ಒಣಗಿದ್ದು ಹಸಿರಾಗಿಯೇ ಉಳಿದುಬಿಡುತ್ತದೆ, ಇನ್ನು ಯಾವ ಉರಿಯೂ ಅದನ್ನು ತಿರುಗಿಸಲಾರದು. ಬ್ಯಾರನ್ನಿನ ಅರ್ಧ ಸೊಪ್ಪು ಹಾಗಾಯಿತು. ಅಕ್ಕ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. 'ಇನ್ ಮ್ಯಾಕೆ ಬ್ಯಾರನ್ ತಾವ ಬರ್ಬೇಡ' ಎಂದಷ್ಟೇ ಹೇಳಿ, ಸೀರೆ ಬದಲಾಯಿಸಲು ಒಳಗೆ ಹೋದಳು. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಊಟ ಸೇರಲಿಲ್ಲ.

ದಸರಾ ರಜೆಯಲ್ಲಿ ಕರೆಯದಿದ್ದರೂ ಹೋದೆ. ಆ ಸೊಪ್ಪನ್ನು ಗ್ರೇಡು ಮಾಡುವ ಕೆಲಸ ನಡೆದಿತ್ತು. ಹದವಾದ ಎಲೆಗಳನ್ನು ಬಣ್ಣ, ಮೈ, ಉದ್ದ ನೋಡಿ ಬೇರೆಬೇರೆ ಗುಡ್ಡೆ ಮಾಡಿ, ಒಂದೊಂದು ಗುಡ್ಡೆಗೂ ಒಂದೊಂದು ಬೇಲು, ಅಂದರೆ ಗೋಣಿ ಸುತ್ತಿದ ಮೂಟೆ, ಕಟ್ಟಬೇಕು. ಒಂದು ಬೇಲಿನಲ್ಲಿ ಎರಡು ನಮೂನೆಯ ಎಲೆ ಸಿಕ್ಕರೆ ಹರಾಜಿನಲ್ಲಿ ಅದು ಹಿಂದಕ್ಕೆ ಬಂತೆಂದೇ ಅರ್ಥ. ಅಕ್ಕನ ಬೇಲು ಅದುವರೆಗೂ ಒಂದೂ ಹಿಂದಕ್ಕೆ ಬಂದಿರಲಿಲ್ಲ, ಅದು ಅವಳ ಹೆಮ್ಮೆ. ನಾನು ಕೆಡಿಸಿದ ಹಸಿರು ಎಲೆಗಳ ರಾಶಿ ಮೂಲೆಯಲ್ಲಿ ನನ್ನನ್ನೇ ನೋಡುತ್ತ ಬಿದ್ದಿತ್ತು.

ಭಾವ ನನ್ನ ಮುಖ ನೋಡಿ ಪಾಪ ಅಂದುಕೊಂಡರೋ ಏನೋ, 'ಆ ಹಸ್ರುನ್ನ ಒಂದೀಟೊಂದೀಟು ಒಳ್ಳೆ ಬೇಲ್ ಮಧ್ಯಕ್ಕೆ ಸೇರುಸ್ಬುಡಾನ ಕಣಮ್ಮಿ. ಮೇಷ್ಟ್ರೂ ಒಸಿ ಉಸಿರಾಡ್ಲಿ' ಎಂದರು.

'ಬ್ಯಾಡ. ಅದು ಏನೋ ಅದೇ ಅನ್ನಿಸ್ಕೊಂಡ್ ಓಗ್ಲಿ' ಎಂದಳು ಅಕ್ಕ. ಕಂಪೈಲರಿನ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳೆಲ್ಲ ಇಷ್ಟನ್ನೇ ಹೇಳುತ್ತಿದ್ದವು, ಇನ್ನೂರು ಪುಟಗಳಲ್ಲಿ.

ನಾನೂ ಗೋಣಿತಾಟಿನ ಮೇಲೆ ಕೂತೆ. ಎಲೆ ಕೈಗೆ ಬಂದ ತಕ್ಷಣ ಯಾವುದಾದರೊಂದು ಗುಡ್ಡೆಗೆ ಎಸೆಯುತ್ತಿದ್ದೆ. ಅಕ್ಕ ಅದನ್ನು ಎತ್ತಿ ನನ್ನ ಮಡಿಲಿಗೆ ವಾಪಸು ಹಾಕುತ್ತಿದ್ದಳು. ನಾಲ್ಕೈದು ಸಲ ಹೀಗಾದಮೇಲೆ ರೇಗಿಹೋಯಿತು. 'ಹಾಗಾದ್ರೆ ಇದು ಯಾವುದು, ನೀನೇ ಹೇಳು' ಎಂದೆ.

'ಗೊತ್ತಿಲ್ಲ' ಎಂದಳು.

ಇಪ್ಪತ್ತು ವರ್ಷ ಎಲೆ ಹಿಡಿದವಳು, ಇಷ್ಟು ನಿರಾಳವಾಗಿ ಗೊತ್ತಿಲ್ಲ ಅನ್ನುತ್ತಾಳೆ! ಆಗ ನೋಡಿದೆ, ಅವಳ ಎಡಮಂಡಿಯ ಪಕ್ಕದಲ್ಲಿ ಇನ್ನೊಂದು ಸಣ್ಣ ಗುಡ್ಡೆ. ಅದಕ್ಕೆ ಹೆಸರಿಲ್ಲ. ಗೊತ್ತಾಗದ ಎಲೆಯನ್ನೆಲ್ಲ ಅಲ್ಲಿ ಮಡಗುತ್ತಿದ್ದಳು. ಕೆಲವನ್ನು ಎರಡೆರಡು ಸೇರಿಸಿ ತೊಟ್ಟಿಗೆ ನಾರು ಸುತ್ತಿದ್ದಳು.

'ಇದ್ಯಾಕೆ ಕಟ್ಟಿದೀಯ?'

'ಇವೆರಡೂ ಒಂದೇ ಕಣ್ಲಾ. ಯಾವ್ದು ಅಂತ ಮಾತ್ರ ತಿಳೀದು. ಒಂದ್ ಗೊತ್ತಾದ್ರೆ ಇನ್ನೊಂದೂ ಗೊತ್ತಾಯ್ತದೆ. ಇರ್ಲಿ ಬುಡು, ಅರ್ಜೆಂಟೇನು?'

ನಾನು ಕೈಯಲ್ಲಿದ್ದ ಎಲೆ ಕೆಳಗಿಟ್ಟೆ. ನನ್ನ ಕಂಪೈಲರಿಗೆ ಇಲ್ಲದ್ದು ಈ ಗುಡ್ಡೆ. ಟೈಪು ಗೊತ್ತಿಲ್ಲದ ವಸ್ತು ಬಂದರೆ ಅದನ್ನು ಗೊತ್ತಿಲ್ಲ ಎಂದೇ ಪಕ್ಕಕ್ಕೆ ಇಡಬೇಕು. ಎರಡು ಗೊತ್ತಿಲ್ಲದವು ಒಂದೇ ಎಂದು ತಿಳಿದರೆ ನಾರು ಸುತ್ತಬೇಕು. ಮುಂದೆ ಎಲ್ಲೋ ಅದನ್ನು ಇನ್ನೊಂದು ಅಂಕಿಗೆ ಕೂಡಿಸಿದರೆ, ಓಹೋ, ಇದು ಸಂಖ್ಯೆ. ಆಗ ಜೊತೆಯದೂ ಸಂಖ್ಯೆ. ಕೊನೆಯವರೆಗೂ ಏನೂ ತಿಳಿಯದಿದ್ದರೆ ಅದೂ ಒಳ್ಳೆಯದೇ. ಅದಕ್ಕೆ ಏನು ಕೊಟ್ಟರೂ ನಡೆಯುತ್ತದೆ ಎಂದರ್ಥ. ಪಟ್ಟಿ ತಿರುಗಿಸುವುದಕ್ಕೆ ಒಳಗೇನಿದೆ ಎಂದು ಬೇಕಿಲ್ಲ. ಪುಸ್ತಕದಲ್ಲಿ ಇದೆಲ್ಲ ಇತ್ತು, ನಾನು ಓದಿಯೂ ಇದ್ದೆ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲದ ಹಾಗೇ ಬಿಡುವುದು ನನ್ನ ಕೈಲಾಗದ ಮಾತು, ಅದಕ್ಕೇ ಆ ಪುಟಗಳನ್ನು ಹಾರಿಸಿ ಸಂಖ್ಯೆ ಎಂದು ಬರೆದು ಮುಂದಕ್ಕೆ ಓಡಿದ್ದೆ. ಬ್ಯಾರನ್ ಬಾಗಿಲು ತೆಗೆದವನೂ ಸಂಖ್ಯೆ ಎಂದು ಬರೆದವನೂ ಒಬ್ಬನೇ. ಅವರಿಬ್ಬರಿಗೂ ಅಕ್ಕ ಅಂದೇ ನಾರು ಸುತ್ತಿದಂತಾಯಿತು.

ಗ್ರೇಡು ಮುಗಿಯುವವರೆಗೂ ಅಲ್ಲೇ ಇದ್ದೆ. ಊರಿಗೆ ಓಡಿಹೋಗಿ ಕಂಪ್ಯೂಟರಿನ ಮುಂದೆ ಕೂರಬೇಕೆಂದು ಕಾಲು ತುಡಿಯುತ್ತಿತ್ತು, ಆದರೂ ಇದ್ದೆ. ಆ ಹಸಿರು ಎಲೆಯ ಬೇಲನ್ನು ನಾನೇ ಹೊತ್ತು ಗಾಡಿಗೆ ಹಾಕಿದೆ. ಹರಾಜಿನಲ್ಲಿ ಅದಕ್ಕೆ ಕೊನೆಯ ದರ್ಜೆ ಬಿತ್ತು. ಹಿಂದಕ್ಕೆ ಮಾತ್ರ ಬರಲಿಲ್ಲ.

ಜನವರಿಯಲ್ಲಿ ಮೈಸೂರಿನಲ್ಲಿ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು, ಒಂದು ಫಂಕ್ಷನ್ನನ್ನು ಕೊಟ್ಟರೆ ಅದನ್ನೇ ಎರಡು ಸಲ ನಡೆಸುವ ಇನ್ನೊಂದು ಫಂಕ್ಷನ್ ಬರೆದರು. ಕಂಪೈಲರ್ ಓದಿತು. ಟೈಪು ಇನ್ನೂ ತಿಳಿಯದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಇರ್ಲಿ ಬುಡು' ಎಂದು ತೋರಿಸಿತು. ಅದನ್ನು ಹಾಗೆ ಬರೆದು, ತೆಗೆಯಲು ಮರೆತಿದ್ದೆ.

'ಇದೇನ್ರೀ?' ಎಂದರು ಪರೀಕ್ಷಕರು.

'ಏನು ಕೊಟ್ಟರೂ ನಡೆಯುತ್ತೆ ಅಂತ ಸರ್' ಎಂದೆ. ನಮ್ಮ ಮೇಷ್ಟ್ರು ಕನ್ನಡಕ ಒರೆಸಲು ತೊಡಗಿದರು. ಪರೀಕ್ಷಕರ ಮುಖದಲ್ಲಿ ಏನೂ ಕಾಣಲಿಲ್ಲ. ಹೆಸರು, ಸಂಖ್ಯೆ, ಪಟ್ಟಿ ಎಲ್ಲ ಕೊಟ್ಟು ನೋಡಿದರು. ಆಮೇಲೆ 'ಹೊರಗಡೆ ಕೂತಿರಿ' ಎಂದು ಬಾಗಿಲು ಹಾಕಿಸಿದರು.

ಮುಕ್ಕಾಲು ಗಂಟೆ. ಮುಚ್ಚಿದ ಬಾಗಿಲು, ಎದುರಿಗೆ ಒಂದು ಬೆಂಚು, ಬೆಂಚಿನ ಮೇಲೆ ನಾನು. ಎದ್ದೆ, ಕೂತೆ, ಹಿಡಿಕೆಯ ಮೇಲೆ ಕೈಯಿಟ್ಟೆ. ಸುಮ್ಮನೆ ನೀರು ಕೇಳುವ ನೆಪ ಮಾಡಿದರೂ ಸಾಕಿತ್ತು. ಆ ಬಿಸಿ ಆವಿ ಮುಖಕ್ಕೆ ಬಡಿದಂತಾಗಿ ಕೈ ತೆಗೆದೆ. ಪಕ್ಕದಲ್ಲಿ ಒಂದು ಕಿಟಕಿಯಿತ್ತು.

ಬಾಗಿಲು ತಾನಾಗಿ ತೆರೆಯಿತು. ಬೀದಿಯ ಬೂತಿಗೆ ಓಡಿ ಅಕ್ಕನಿಗೆ ಫೋನು ಮಾಡಿದೆ. ಅವರ ಮನೆಗೆ ಫೋನು ಬಂದು ತಿಂಗಳಾಗಿತ್ತು.

'ಪಾಸಾಯ್ತು ಅಕ್ಕ.'

'ಅದಿರ್ಲಿ. ಕಾಯ್ಸುದ್ರಾ?'

'ಮುಕ್ಕಾಲು ಗಂಟೆ ಹೊರಗೆ ಕೂರಿಸಿದ್ರು.'

'ಬಾಗ್ಲು ತಗ್ದಾ?'

'ಇಲ್ಲ. ಕಿಟಕೀಲಿ ನೋಡ್ದೆ.'

'ಎಷ್ಟ್ ಸಲ?'

'ಹನ್ನೊಂದು.'

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ನನಗೆ ಮತ್ತೆ ಚಡಪಡಿಕೆ ಶುರುವಾಯಿತು. ಅಕ್ಕ ನಗುತ್ತಿದ್ದಾಳೋ, ಅಳುತ್ತಿದ್ದಾಳೋ, ಫೋನು ಕೆಟ್ಟಿತೋ, ಒಂದೂ ಗೊತ್ತಾಗಲಿಲ್ಲ. ಹಲೋ ಹಲೋ ಎಂದು ಕೂಗದೆ ಸುಮ್ಮನೆ ಹಿಡಿದುಕೊಂಡಿದ್ದೆ.

'ಮುಂದುಲ್ ವರ್ಸ ರಜಾ ಹಾಕ್ ಬಾ' ಎಂದಳು ಅಕ್ಕ. 'ನಂಗೂ ನಿಮ್ ಭಾವಂಗೂ ಒಂದ್ ಮದ್ವೆಗೆ ಓಗದದೆ. ಬ್ಯಾರನ್ ನೋಡ್ಕಳಾಕೆ ಒಬ್ರು ಬೇಕು.'