ಗಾಜು ಒರೆಸುವವನ ಮೇಲೆ ಒಂದು ಕಣ್ಣು

ಏಣಿ ಹತ್ತಿ ಬರುವ ಮನುಷ್ಯನನ್ನು ನಾನು ನಂಬುವುದಿಲ್ಲ. ಬಾಗಿಲಿಗೆ ಬಂದವನು ಕೆಮ್ಮುತ್ತಾನೆ, ಚಪ್ಪಲಿ ಬಿಡುತ್ತಾನೆ, ಅಷ್ಟರಲ್ಲಿ ನಾವು ಅಂಗಿ ಹಾಕಿಕೊಳ್ಳಬಹುದು. ಮಹಡಿಯ ಕಿಟಕಿಯಲ್ಲಿ ತಲೆ ಕಾಣಿಸಿದವನಾದರೋ ನಿಮ್ಮ ಟ್ರಂಕು, ಹಾಸಿಗೆ, ಬನಿಯನ್ನಿನ ತೂತು ಎಲ್ಲವನ್ನೂ ಆಗಲೇ ನೋಡಿ ಮುಗಿಸಿರುತ್ತಾನೆ. ಅದಕ್ಕೇ, ಗಾಜು ಒರೆಸುವುದನ್ನೇ ಕಸುಬು ಮಾಡಿಕೊಂಡವರ ವಿಷಯದಲ್ಲಿ ಸ್ವಂತ ಮನೆಯುಳ್ಳವರಿಗೆ ಒಂದೆರಡು ಮಾತು ಹೇಳೋಣವೆಂದು ಕೂತಿದ್ದೇನೆ. ಇಡೀ ದಾವಣಗೆರೆಯಲ್ಲಿ ಈ ವಿಷಯ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ನಮ್ಮ ಬೀದಿಯಲ್ಲಿ ಮೊದಲು ಗಾಜಿನ ಕಿಟಕಿ ಇಡಿಸಿದವನು ನಾನೇ. ಉಳಿದವರದೆಲ್ಲ ಮರದ ಕದ, ಕಬ್ಬಿಣದ ಸರಳು. ಆದರೆ ಬಟ್ಟೆ ಮಿಲ್ಲುಗಳ ಊರು ಗಾಜನ್ನು ಗಾಜಾಗಿರಲು ಬಿಡುವುದಿಲ್ಲ. ಹತ್ತಿಯ ಎಳೆ ಕೂತು, ಅದರ ಮೇಲೆ ಚಿಮಣಿಯ ಮಸಿ ಕೂತು, ವರ್ಷ ತುಂಬುವುದರೊಳಗೆ ನನ್ನ ಕಿಟಕಿಗಳು ಕಂಬಳಿ ಹೊದ್ದು ಮಲಗಿದಂತಿದ್ದವು.

ಆ ಹೊತ್ತಿಗೆ ಸರಿಯಾಗಿ, ಹರಿಹರಕ್ಕೆ ಕೊಟ್ಟಿದ್ದ ಮಗಳು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು. ಅವಳ ಮಾವ ವೀರಭದ್ರಪ್ಪನವರು ಮಾತ್ರ, ನಿಮ್ಮೂರ ಮಿಲ್ಲಿನ ಧೂಳು ಬಾಣಂತಿಗೂ ಕೂಸಿಗೂ ಆಗಿಬರುವುದಿಲ್ಲ, ಮೊದಲು ಮನೆ ನೋಡುತ್ತೇನೆ, ಕಳಿಸುವ ಮಾತು ಆಮೇಲೆ ಎಂದು ಹೇಳಿಕಳಿಸಿದರು. ನನ್ನ ಹೆಂಡತಿ ಗೌರಮ್ಮ ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿ ಮಗಳ ದಾರಿ ನೋಡುತ್ತಿದ್ದಳು. ಬೀಗರು ಆ ಕಂಬಳಿ ಗಾಜು ನೋಡಿದರೆ ಮಗಳು ಬಂದ ಹಾಗೇ ಎಂದು ಹೆದರಿ, ಅವರು ಬರುವ ದಿನ ಬೆಳಿಗ್ಗೆಯೇ ಖಾಸಿಂ ಸಾಬನನ್ನು ಕರೆಸಿದಳು.

ಖಾಸಿಂ ಸಾಬ್ ಹರಿಹರದ ಬಂಗಲೆಗಳ ಗಾಜು ಒರೆಸುವವನು. ಬೀಗರ ಊರಿನವನು. ನನಗೆ ಗುಮಾನಿ ಹುಟ್ಟಲು ಅಷ್ಟು ಸಾಕಾಯಿತು: ಬೀಗರಿಗಿಂತ ಮೊದಲು ಬೀಗರ ಕಣ್ಣು ಬಂದಿದೆ.

ಇಲ್ಲಿ ನೀವು ತಿಳಿದಿರಬೇಕಾದದ್ದಿದೆ. ಹತ್ತಿಧೂಳಿನ ಗಾಜಿಗೆ ನೇರವಾಗಿ ನೀರು ಎರಚುವವನನ್ನು ಕೂಡಲೇ ಏಣಿಯಿಂದ ಇಳಿಸಿ. ಧೂಳು ಅಂಬಲಿಯಾಗಿ ಸಂದುಗಳನ್ನು ಸೇರುತ್ತದೆ. ಮೊದಲು ಒಣ ಬ್ರಷ್ಷು, ಆಮೇಲೆ ನೀರು. ಸುಡುಬಿಸಿಲಲ್ಲಿ ಒರೆಸಗೊಡಬೇಡಿ, ಗೆರೆ ಉಳಿಯುತ್ತದೆ. ಬಟ್ಟೆ ಹೊಸದು ಬೇಡ, ಒಗೆದೊಗೆದು ಸವೆದ ಪಂಚೆಯೇ ಮೇಲು. ಗಾಜಿನ ಒಳಮೈ ಯಾರ ಪಾಲು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಹೊರಮೈ ಅವನದು, ಒಳಮೈ ಗೌರಮ್ಮನದು ಎಂದಾಗಿತ್ತು. ಖಾಸಿಂ ಸಾಬ್ ಎಲ್ಲವನ್ನೂ ಸರಿಯಾಗಿಯೇ ಮಾಡಿದ. ಸರಿಯಾಗಿ ಮಾಡುವವರ ಮೇಲೆ ನನಗೆ ಗುಮಾನಿ ಇನ್ನೂ ಹೆಚ್ಚು.

ಅವನು ಹೊರಗೆ ಕಿಟಕಿಯಿಂದ ಕಿಟಕಿಗೆ ಏಣಿ ಸರಿಸಿದಂತೆ ನಾನು ಒಳಗೆ ಕೋಣೆಯಿಂದ ಕೋಣೆಗೆ ಸರಿದೆ. ನಡುವೆ ಗಾಜು, ಅವನ ಮೂಗಿಗೆ ನನ್ನ ಮೂಗು. ಬಾಣಂತಿ ಕೋಣೆಗೆ ಬರುವಷ್ಟರಲ್ಲಿ ನನ್ನ ಕೈ ತುರಿಸತೊಡಗಿತು. ತಲೆಗೆ ಹರಳೆಣ್ಣೆ ಹಚ್ಚಿಕೊಂಡಿದ್ದೆ. ತಲೆ ಕೆರೆದುಕೊಳ್ಳುವವನಂತೆ ಹೆಬ್ಬೆರಳು ಆಡಿಸಿ, ಅವನು ಬಟ್ಟೆ ಹಿಂಡಲು ಬಗ್ಗಿದಾಗ, ಒಳಗಿನಿಂದ ಗಾಜಿನ ನಟ್ಟನಡುವೆ ಒತ್ತಿಬಿಟ್ಟೆ. ಅವನು ಎದ್ದು ನೋಡಿ ಹೊರಗಿನಿಂದ ಉಜ್ಜಿದ. ಬಾಯಿಯ ಹಬೆ ಬಿಟ್ಟು ಉಜ್ಜಿದ. ಪೇಪರು ಮುದ್ದೆ ಮಾಡಿ ಉಜ್ಜಿದ. ಕಲೆ ಹೋಗುವುದು ಹೇಗೆ? ಇಂಥ ಕೈಚಳಕ ಊರಿನಲ್ಲಿ ಯಾರಿಗಾದರೂ ಇದ್ದರೆ ಹೇಳಿ. ನಾನು ಮಂಚದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವುದರಲ್ಲಿ ಬೀಗರು ಬಸ್ಸಿಳಿದು ಬಂದದ್ದೇ ತಿಳಿಯಲಿಲ್ಲ.

ವೀರಭದ್ರಪ್ಪನವರು ಮನೆಯೆಲ್ಲ ಸುತ್ತಿ ಬಾಣಂತಿ ಕೋಣೆಗೆ ಬಂದರು. ಫಳಫಳ ಗಾಜಿನ ನಡುವೆ ಮಂಕು ಕಲೆ ಕಂಡು ಅವರ ಮುಖ ಬಿಗಿಯಿತು.

"ನೋಡ್ರಮ್ಮಾ, ಈ ಊರಿನ ಧೂಳು ತೊಳದ್ರೂ ಹೋಗಾಕಿಲ್ಲ. ಹುಡುಗಿ ಅಲ್ಲೇ ಇರ್ಲಿ."

ಗೌರಮ್ಮ ಸೆರಗು ಕಣ್ಣಿಗೊತ್ತಿಕೊಂಡಳು. ನಾನು ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಮಗಳು ಬರುವುದಿಲ್ಲ.

ಅಷ್ಟರಲ್ಲಿ ಖಾಸಿಂ ಸಾಬ್ ಅದೇ ಕಿಟಕಿಯ ಪಕ್ಕದ ಕದ ದಬ್ಬಿ ಏಣಿಯ ಮೇಲಿಂದಲೇ ತಲೆ ಒಳಗೆ ಹಾಕಿದ.

"ಅದು ಧೂಳಲ್ರಿ ಯಜಮಾನ್ರೇ, ಹರಳೆಣ್ಣಿ. ಒಳಗೈತೆ. ಬೆರಳು ಹಚ್ಚಿ ಮೂಸಿ, ಆಮ್ಯಾಲ ನಿಮ್ಮ ಬೀಗ್ರ ತಲಿ ಮೂಸಿ ನೋಡ್ರಿ."

ಬೀಗರು ಬೆರಳು ಮೂಸಿದರು. ತಲೆಯವರೆಗೆ ಬರುವ ಅಗತ್ಯ ಬೀಳಲಿಲ್ಲ, ನನ್ನ ಮುಖವೇ ಸಾಕಾಯಿತು. ಶಲ್ಯದ ತುದಿಯಿಂದ ಕಲೆ ಒರೆಸಿ, ಸ್ವಚ್ಛ ಗಾಜಿನಲ್ಲಿ ಹೊರಗಿನ ಬೇವಿನ ಮರ ನೋಡಿ ಗೌರಮ್ಮನ ಕಡೆ ತಿರುಗಿದರು.

"ಶುಕ್ರವಾರ ಕಳಸ್ತೀನಮ್ಮಾ. ಧೂಳಿನ ಅಂಜಿಕಿ ಹೋತು. ಆದ್ರ ಕೂಸು ಹುಟ್ಟಿದ ಮ್ಯಾಲ ಈ ಮನುಷ್ಯನ್ನ ಕ್ವಾಣ್ಯಾಗ ಬಿಡಬ್ಯಾಡ್ರಿ."

ಖಾಸಿಂ ಸಾಬ್ ಏಣಿ ಹೆಗಲಿಗೇರಿಸಿ ಹೊರಟಾಗ ನಾನು ಬೀದಿಯ ತನಕ ಬೆನ್ನುಹತ್ತಿ ಹೋದೆ. ಒಳಗಿನ ಕಲೆ ಎಂದು ಗೊತ್ತಿದ್ದೂ ಅಷ್ಟು ಹೊತ್ತು ಉಜ್ಜಿದ್ದೇಕೆ ಎಂದು ಕೇಳಿದೆ.

"ನಿಮ್ಗ ಖುಷಿ ಆಗ್ತಿತ್ತಲ್ರಿ, ಯಾಕ ಕೆಡಿಸ್ಬೇಕು ಅಂತ," ಎಂದ. "ಏಣಿ ಇಡೋಕಿಂತ ಮುಂಚೆನೇ ಮೂಲಿ ಮನಿ ಟೈಲರ್ ನಿಮ್ಮ ಕಿತಾಪತಿ ಎಲ್ಲಾ ಹೇಳಿದ್ದ."

ಹೀಗಾಗಿ ನನ್ನ ಕೊನೆಯ ಸಲಹೆ ಇಷ್ಟೇ. ಗಾಜು ಒರೆಸುವವನನ್ನು ಕರೆಸುವ ಮುನ್ನ ಅವನು ಎಂಥವನೆಂದು ಅಕ್ಕಪಕ್ಕ ವಿಚಾರಿಸಿ. ನೀವು ಎಂಥವರೆಂದು ಅವನು ಆಗಲೇ ವಿಚಾರಿಸಿಕೊಂಡಿರುತ್ತಾನೆ.