ಹಿಟ್ಟಿನ ಹಲಗೆಯ ನಕ್ಷತ್ರ

ಪಾಮಿರ್ ಬೆಟ್ಟಗಳ ಖೊರೋಗ್ ಪೇಟೆಯಲ್ಲಿ ರೊಟ್ಟಿ ಸುಡುವ ಸವ್ಸನಳ ತಂದೂರಿನ ಮುಂದೆ ದಿನಾ ನಿಲ್ಲುವ ಭಾಷಾಶಾಸ್ತ್ರದ ಮೇಷ್ಟ್ರು ನಜರ್ಶೋ, ರೊಟ್ಟಿಗಿಂತ ಮೊದಲು ರೊಟ್ಟಿ ಎಂಬ ಮಾತಿನ ಕುಲಗೋತ್ರ ವಿಚಾರಿಸುವವರು. “ಉಸ್ತಾದ್, ರೊಟ್ಟಿ ಕೊಡ್ಲೋ, ಅದರ ಮುತ್ತಜ್ಜೀನ ಕರೀಲೋ?” ಎಂದು ಅವಳು ರೇಗಿಸಿದರೂ ಬಿಡುವವರಲ್ಲ, ಹಳೆಯ ಪಾರಸಿಗಳ ಅವೆಸ್ತಾದ್ದೊಂದು, ವೇದದ್ದೊಂದು, ಪಾಮಿರದ ಕುರುಬರದ್ದೊಂದು ಮಾತು ಹಿಡಿದು, ಅವೆಲ್ಲ ಹುಟ್ಟಿದ ತಾಯಿಮಾತನ್ನು ಊಹಿಸಿ ಅವಳ ಹಿಟ್ಟಿನ ಹಲಗೆಯ ಮೇಲೆ ಬೆರಳಲ್ಲಿ ಬರೆಯುತ್ತಾರೆ. ಬದುಕಿರುವ ಯಾರ ಕಿವಿಗೂ ಬಿದ್ದಿರದ ಮಾತಾದ್ದರಿಂದ ಅದರ ಮುಂದೊಂದು ನಕ್ಷತ್ರದ ಗುರುತು ಇಡುವುದು ಅವರ ಕಸುಬಿನ ವಾಡಿಕೆ. ಉಪ್ಪಿನ ಚಹಾ ಆರಿದರೂ ನಕ್ಷತ್ರ ತಪ್ಪದು. ಹೆಂಡತಿ ತೀರಿಕೊಂಡ ಮೇಲೆ ಅವರನ್ನು ಮುದ್ದುಹೆಸರಿನಿಂದ ಕರೆಯುವವರಿಲ್ಲ. “ಅಕ್ಕ ನಿಮ್ಮನ್ನ ಏನಂತ ಕೂಗ್ತಿದ್ರು?” ಎಂದು ಮೊನ್ನೆ ಸವ್ಸನ್ ಕೇಳಿದಾಗ, ಮೇಷ್ಟ್ರು ಹಿಟ್ಟಿನಲ್ಲಿ ಆ ಹೆಸರು ಬರೆದರು. “ನಕ್ಷತ್ರ ಮರೆತ್ರಲ್ಲ!” ಎಂದು ಅವಳು ನಕ್ಕಳು. “ಇದನ್ನ ನಾನು ಕೇಳಿದೀನಮ್ಮ,” ಎಂದರು ಮೇಷ್ಟ್ರು, “ನಾನು ಹೋದ್ಮೇಲೆ ನೀನಿಡು.”