ಲಾರ್ಡ್ ಹೆಂಡತಿ ಸೂಪು ಕುಡಿಯುವ ರೀತಿ

ಸ್ವೀಡನ್ನಿನ ಸೋಡರ್‌ಟೆಲ್ಯೆ ಎಂಬ ಊರಿನ ಲೈಬ್ರರಿಯಿಂದ ಇವರು ಆ ಸಿನಿಮಾ ತಂದದ್ದು ನನ್ನನ್ನು ನಗಿಸುವುದಕ್ಕಲ್ಲ, ತಿದ್ದುವುದಕ್ಕೆ. ಹಳೆಯ ಕಪ್ಪು ಬಿಳುಪು ಇಂಗ್ಲಿಷ್ ಸಿನಿಮಾ. ಒಬ್ಬ ಲಾರ್ಡು, ಅವನ ಹೆಂಡತಿ, ಅರಮನೆಯಂಥ ಮನೆ, ಮಾರುದ್ದದ ಊಟದ ಮೇಜು. ಗಂಡ ಹೆಂಡತಿಗೆ ಬೆಳಗಿನಿಂದ ಸಂಜೆಯವರೆಗೆ ಜಗಳ, ಅತಿಥಿಗಳು ಬಂದ ಕೂಡಲೇ ಇಬ್ಬರ ಮುಖದಲ್ಲೂ ನಗು. ಅದನ್ನು ನೋಡಿ ಲೋಕವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದೆಯಂತೆ. ನಮ್ಮ ಮನೆಯಲ್ಲಿ ಮಾತ್ರ ಅದು ಪಾಠ. ಇವರು ರಿಮೋಟ್ ಹಿಡಿದು ಕೂತು, ಆ ಹೆಂಗಸು ಚಮಚ ಎತ್ತಿದಾಗಲೆಲ್ಲ ಚಿತ್ರ ನಿಲ್ಲಿಸುತ್ತಿದ್ದರು.

“ನೋಡು, ಸೂಪ್‌ನ ಆ ಕಡೆಗೆ ತಳ್ಳಿ ತಗೋಬೇಕು, ನಮ್ಮ ಕಡೆಗಲ್ಲ. ಸೌಂಡ್ ಬರಬಾರದು. ಮತ್ತೆ ಮಾತು ಕಮ್ಮಿ. ಅವಳು ಎಷ್ಟು ಮಾತಾಡ್ತಾಳೆ ನೋಡು. ಸ್ಮೈಲ್ ಮಾಡ್ತಾಳೆ, ಅಷ್ಟೆ.”

“ಯಾಕ್ರಿ, ಆಕಿಗೆ ಬಾಯಿ ಇಲ್ಲೇನು?” ಎಂದೆ.

“ನೋಡು, ಇದೇ. ನಮ್ಮ ಮ್ಯಾನೇಜರ್ ಮನೇಲಿ ಹಿಂಗೆ ಜಗಳಕ್ಕೆ ನಿಲ್ಲಬೇಡ ಅಂತಾನೇ ಹೇಳ್ತಿರೋದು.”

ಕೊನೆಗೆ ಆ ಗಂಡ ಹೆಂಡತಿ ರಾಜಿಯಾದರೋ ಇಲ್ಲವೋ ನನಗೆ ಗೊತ್ತಿಲ್ಲ. ಊಟದ ದೃಶ್ಯಗಳು ಮುಗಿದ ಮೇಲೆ ಇವರು ಟೀವಿ ಆಫ್ ಮಾಡಿದರು.

ನಾನು ಗದಗಿನವಳು, ಇವರು ಬೆಂಗಳೂರಿನವರು. ಹೊಸ ಶತಮಾನ ಶುರುವಾಗಿದ್ದ ವರ್ಷಗಳವು. ಇವರು ಲಾರಿ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಮದುವೆಯಾಗಿ ನಾನು ಸ್ವೀಡನ್ನಿಗೆ ಬಂದು ವರ್ಷ ಕಳೆದಿತ್ತು. ಬಂದ ಹೊಸದರಲ್ಲಿ ಕನ್ನಡದವರ ಯುಗಾದಿ ಊಟಕ್ಕೆ ಹೋದಾಗ, “ಹೋಳಿಗಿ ಭಾಳ ಛಲೋ ಆಗ್ಯಾವ ನೋಡ್ರಿ ಯಕ್ಕಾ!” ಎಂದು ಜೋರಾಗಿಯೇ ಅಂದೆ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಹೊಸಬಳನ್ನು ರೇಗಿಸುವ ನಗು. ಆದರೆ ಎಲ್ಲರಿಗಿಂತ ಮೊದಲು ನಕ್ಕವರು ಇವರು. ಅದಾದ ಮೇಲೆ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಆಫೀಸಿನ ಕ್ರಿಸ್‌ಮಸ್ ಪಾರ್ಟಿ, ಬೇಸಿಗೆಯ ಪಿಕ್‌ನಿಕ್ಕು, ಎಲ್ಲಕ್ಕೂ ಒಬ್ಬರೇ ಹೋಗಿ ಬಂದರು. “ಇಲ್ಲಿ ಫ್ಯಾಮಿಲಿನ ಕರೆಯಲ್ಲ” ಅನ್ನುತ್ತಿದ್ದರು. ನಾನೂ ಪೆದ್ದಿ, ನಂಬಿದ್ದೆ.

ಈ ಸಲ ಮಾತ್ರ ಇವರಿಗೆ ತಪ್ಪಿಸಿಕೊಳ್ಳಲಾಗಲಿಲ್ಲ. ಇವರ ಮ್ಯಾನೇಜರು ತಾವೇ ಖುದ್ದಾಗಿ, ತಿಂಗಳು ಮುಂಚಿತವಾಗಿ ದಿನ ಗೊತ್ತುಮಾಡಿ, ಇಬ್ಬರೂ ಊಟಕ್ಕೆ ಬರಲೇಬೇಕು ಎಂದಿದ್ದರು. ಮ್ಯಾನೇಜರು ಅಂದರೆ ಸಾಹೇಬರು, ಸಾಹೇಬರು ಅಂದರೆ ಆ ಲಾರ್ಡಿನ ಹಾಗೆ ಬದುಕುವವರು ಎಂದು ಇಬ್ಬರೂ ಲೆಕ್ಕ ಹಾಕಿದೆವು. ಹಾಗಾಗಿ ಆ ಶುಕ್ರವಾರ ಸಂಜೆ ಇವರಿಗೆ ಸೂಟು, ಟೈ. ನನಗೆ ಮದುವೆಯ ರೇಷ್ಮೆ ಸೀರೆ, ಹೈ ಹೀಲ್ಸು.

ಬಾಗಿಲು ತೆರೆದ ಸಾಹೇಬರು ಹಳೇ ಜೀನ್ಸ್ ತೊಟ್ಟು, ಬರೀ ಕಾಲುಚೀಲದಲ್ಲಿ ನಿಂತಿದ್ದರು. ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ. ಈ ದೇಶದಲ್ಲಿ ಯಾರ ಮನೆಗೆ ಹೋದರೂ ಬಾಗಿಲಲ್ಲೇ ಪಾದರಕ್ಷೆ ಬಿಡಬೇಕು. ಗದಗಿನಲ್ಲೂ ಅಷ್ಟೇ ತಾನೆ? ಲಾರ್ಡಿನ ಗುಂಗಿನಲ್ಲಿ ನಮಗಿಬ್ಬರಿಗೂ ಅದೇ ಮರೆತುಹೋಗಿತ್ತು. ನಾನು ಹೀಲ್ಸು ಬಿಟ್ಟೆ ನೋಡಿ, ಅದರ ಎತ್ತರಕ್ಕೆ ಸರಿಯಾಗಿ ಉಟ್ಟಿದ್ದ ಸೀರೆ ನೆಲ ಗುಡಿಸತೊಡಗಿತು. ನೆರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಒಳಗೆ ಹೋದೆ. ಮ್ಯಾನೇಜರ ಹೆಂಡತಿ ಸ್ವೆಟರ್ ಹಾಕಿಕೊಂಡು ಟೊಮೆಟೊ ಹೆಚ್ಚುತ್ತಿದ್ದರು.

ಮೇಜಿನ ಮೇಲೆ ಸೂಪೂ ಇಲ್ಲ, ಗೀಪೂ ಇಲ್ಲ. ಟಾಕೊ. ಮಡಚಿದ ಹಪ್ಪಳದ ಹಾಗಿರುವ ಮೆಕ್ಕೆಜೋಳದ ಗರಿಗರಿ ರೊಟ್ಟಿ, ಬಟ್ಟಲುಗಳಲ್ಲಿ ತರಕಾರಿ, ನಮಗೆಂದು ಬೇರೆ ಬೇಯಿಸಿದ ಕಾಳು. ಶುಕ್ರವಾರ ರಾತ್ರಿ ಇಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಊಟವಂತೆ, ಎಲ್ಲರೂ ಕೈಯಲ್ಲೇ ತಿನ್ನುವುದು. ಖಡಕ್ ರೊಟ್ಟಿ, ಕಾಳುಪಲ್ಯ ನನಗೇನು ಹೊಸದೇ? ಕೈ ಹಾಕಿದೆ. ಇವರು ಮೇಜಿನ ಕೆಳಗೆ ನನ್ನ ಕಾಲು ಒತ್ತಿದರು. ತಾವು ಮಾತ್ರ ಫೋರ್ಕು, ಚಾಕು ಹಿಡಿದು ಕೊಯ್ಯಲು ಹೋದರು. ಟಾಕೊ ಪಟ್ಟನೆ ಒಡೆದು ಕಾಳೆಲ್ಲ ಟೈ ಮೇಲೆ. ನನಗೆ ನಗು ಉಕ್ಕಿ ಬಂತು, ನುಂಗಿಕೊಂಡೆ.

ಆಗ ಮ್ಯಾನೇಜರ ಹೆಂಡತಿ ನನ್ನ ಕೈ ಮುಟ್ಟಿ, ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು: “ಈಗ ಆರೋಗ್ಯ ಹೇಗಿದೆ? ಪಾರ್ಟಿಗೂ ಬರಲಾಗದಷ್ಟು ಹುಷಾರಿಲ್ಲ ಅಂತ ನಿಮ್ಮವರು ಹೇಳಿದಾಗಲೆಲ್ಲ ಪಾಪ ಅನ್ನಿಸುತ್ತಿತ್ತು. ನಾನು ಕಳಿಸಿದ ಬ್ಲೂಬೆರಿ ಜಾಮು ಹಿಡಿಸಿತಾ?”

ಜಾಮು! ಆ ಚಳಿಗಾಲವೆಲ್ಲ ಇವರು ಆಗಾಗ ಒಂದು ಬಾಟಲಿ ಜಾಮು ತರುತ್ತಿದ್ದರು. “ನಿನಗೇ ಅಂತ ತಂದೆ” ಅನ್ನುತ್ತಿದ್ದರು. ಮಧ್ಯಾಹ್ನಕ್ಕೇ ಕತ್ತಲಾಗುವ ಆ ದಿನಗಳಲ್ಲಿ, ನನ್ನನ್ನು ನೆನೆಸಿಕೊಂಡು ಗಂಡ ಏನೋ ತಂದರಲ್ಲ ಎಂಬ ಖುಷಿಗೇ ನಾನು ಬೆರಳು ನೆಕ್ಕಿಕೊಂಡು ತಿಂದಿದ್ದೆ. ಫೋನಿನಲ್ಲಿ ಅವ್ವನ ಮುಂದೆ ಹೇಳಿ ಮೆರೆದಿದ್ದೆ. ಅದೆಲ್ಲ ನನಗಿಲ್ಲದ ಕಾಯಿಲೆಗೆ ಈ ಹೆಂಗಸು ಕರುಣೆಯಿಂದ ಕಳಿಸಿದ್ದು.

ಇವರ ಕಡೆ ನೋಡಿದೆ. ಟೈ ಒರೆಸಿಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ, ಕಿವಿ ಕೆಂಪಗಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಜಾಡಿಸಬೇಕು ಅಂದುಕೊಂಡೇ ಬಾಯಿ ತೆರೆದೆ. “ಥ್ಯಾಂಕ್ ಯೂ, ಈಗ ಪರವಾಗಿಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿ, ಆ ಸಿನಿಮಾದ ಹೆಂಗಸಿನ ಹಾಗೆಯೇ ಸ್ಮೈಲ್ ಮಾಡಿದೆ. ಆಕೆ ನನ್ನ ಕೈ ಅದುಮಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. “ನನಗ ಏನು ಜಡ್ಡು ಆಗಿತ್ರಿ?”

“ಮೆಲ್ಲಗೆ ಮಾತಾಡು.”

“ಇಲ್ಲಿ ಯಾರಿಗೆ ಕನ್ನಡ ತಿಳಿತೈತಿ? ಹೇಳ್ರಿ, ಏನು ಜಡ್ಡು?”

“ಮೈಗ್ರೇನ್ ಅಂತ ಹೇಳಿದ್ದೆ.” ಕಿಟಕಿಯ ಕಡೆ ತಿರುಗಿಕೊಂಡರು. “ನೀನು ಮಾತಾಡಿದ್ರೆ ಜನ ನಗ್ತಾರೆ ಅಂತ ಭಯ ಕಣೇ.”

“ಇವತ್ತ ಯಾರು ನಕ್ರು?”

ನಮ್ಮ ಸ್ಟಾಪು ಹತ್ತಿರ ಬಂದಾಗ, “ಚೆನ್ನಾಗಿ ಮ್ಯಾನೇಜ್ ಮಾಡಿದೆ. ಥ್ಯಾಂಕ್ಸ್” ಎಂದರು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಅವಮಾನ ಆಗುತ್ತಿರಲಿಲ್ಲ. ನನ್ನನ್ನು ಮುಚ್ಚಿಟ್ಟ ಸುಳ್ಳಿಗೆ ನಾನೇ ಸಾಕ್ಷಿ ಹೇಳಿ ಬಂದಿದ್ದೆ.

ಭಾನುವಾರ ಮ್ಯಾನೇಜರ ಹೆಂಡತಿಯಿಂದ ಫೋನು ಬಂತು. ಕೆರೆಯ ದಂಡೆಯಲ್ಲಿ ನಡೆಯಲು ಹೋಗೋಣವೇ, ತಣ್ಣನೆಯ ಗಾಳಿ ತಲೆನೋವಿಗೆ ಒಳ್ಳೆಯದು ಎಂದರು. ಸೋಫಾದಲ್ಲಿದ್ದ ಇವರಿಗೆ ಯಾರೆಂದು ಗೊತ್ತಾಯಿತು. ಹಣೆಯ ಮೇಲೆ ಬೆರಳಿಟ್ಟು ತೋರಿಸಿದರು, ತಲೆನೋವು ಅಂತ ಹೇಳು ಎಂದು. ಆ ಬೆರಳು ನೋಡಿದ್ದೇ ತಡ, ನನಗೆ ತಡೆಯಲಾಗಲಿಲ್ಲ. ನನ್ನ ಹರಕು ಇಂಗ್ಲಿಷಿನಲ್ಲೇ ಹೇಳಿಬಿಟ್ಟೆ. ನನಗೆ ಯಾವತ್ತೂ ಯಾವ ಕಾಯಿಲೆಯೂ ಇರಲಿಲ್ಲ, ನನ್ನನ್ನು ಜನರ ಮುಂದೆ ಕರೆತರಲು ನನ್ನ ಗಂಡನಿಗೆ ನಾಚಿಕೆ.

ಆಕೆ, “ಸರಿ. ಆದರೂ ಬನ್ನಿ. ನಿಮ್ಮ ಮನೆಯ ಕೆಳಗೆ ಕಾಯುತ್ತೇನೆ” ಎಂದರು.

ಫೋನಿಟ್ಟ ಮೇಲೆ ಇವರ ಮುಖ ನೋಡುವ ಧೈರ್ಯವಾಗಲಿಲ್ಲ. ಬೆಳಗಾದರೆ ಆ ಮ್ಯಾನೇಜರ ಎದುರು ಹೋಗಿ ನಿಲ್ಲಬೇಕಾದವರು ಇವರೇ ತಾನೆ? ಬೈಯಲಿಲ್ಲ, ಕೂಗಾಡಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಬಹಳ ಹೊತ್ತು ಒಳಗೇ ಇದ್ದರು.

ನಾನು ಕೋಟು ತೊಟ್ಟು ಬಾಗಿಲಿಗೆ ಬಂದರೆ, ಇವರು ಆಗಲೇ ಅಲ್ಲಿದ್ದಾರೆ. ಮುಖ ತೊಳೆದು, ತಲೆ ಬಾಚಿ, ಜಾಕೆಟ್ ಹಾಕಿಕೊಂಡು, ಕುಕ್ಕರುಗಾಲಲ್ಲಿ ಕೂತು ಶೂ ಲೇಸು ಕಟ್ಟುತ್ತಿದ್ದರು.

“ನಾನೂ ಬರ್ಲಾ?” ಕಣ್ಣೆತ್ತಲಿಲ್ಲ. “ಅವರಿಗೆ ನಾನೇ ಹೇಳ್ತೀನಿ. ಇವಳು ನನ್ನ ಹೆಂಡತಿ ಅಂತ ಸರಿಯಾಗಿ ಪರಿಚಯ ಮಾಡಿಸ್ತೀನಿ.”

ವರ್ಷವಿಡೀ ಆ ಒಂದು ಮಾತಿಗಾಗಿ ಕಾದಿದ್ದೆ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನನ್ನ ನಾಲಿಗೆ ಕೇಳಬೇಕಲ್ಲ!

“ಬ್ಯಾಡ್ರಿ” ಎಂದೆ. “ನಿಮಗ ಆರಾಮಿಲ್ಲಂತ ಹೇಳ್ತೀನಿ.”

ಇವರು ಕಟ್ಟಿದ್ದ ಲೇಸನ್ನು ಮೆಲ್ಲಗೆ ಬಿಚ್ಚತೊಡಗಿದರು. ಗೆದ್ದೆ ಅನ್ನಿಸಬೇಕಿತ್ತು, ನಾಚಿಕೆಯಾಯಿತು. ಆದರೂ ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದು ಹೋದೆ.